ರೇವಮ್ಮ ಎತ್ತಿಕೊಂಡ ಪಿಟೀಲು

ಗುತ್ತಲಿನ ಮರಿಸಿದ್ದಯ್ಯ ಕ್ರೈಸ್ತನಾಗಿ ದೀಕ್ಷಾಸ್ನಾನ ತೆಗೆದುಕೊಂಡದ್ದು ಹೆಂಡತಿ ರೇವಮ್ಮ ಬಾಣಂತನಕ್ಕೆ ತವರಿಗೆ ಹೋಗಿದ್ದಾಗ. ಕೂಸನ್ನೆತ್ತಿಕೊಂಡು ಅವಳು ಮರಳಿ ಬರುವ ಹೊತ್ತಿಗೆ ಗಂಡನ ಹೆಸರೇ ಬದಲಾಗಿತ್ತು. ಸಭೆಯವರು ಆಸಾಫ ಎನ್ನುತ್ತಿದ್ದರು. ಕೇರಿಯವರ ಬಾಯಲ್ಲಿ ಅದು ಆಸಾಪಯ್ಯ ಆಯಿತು. ರೇವಮ್ಮ ಒಳಮನೆಯ ಗೂಡಿನಲ್ಲಿ ಪಟ್ಟಲಮ್ಮನಿಗೆ ದೀಪ ಹಚ್ಚುವುದನ್ನು ಮಾತ್ರ ಬಿಡಲಿಲ್ಲ. ಅವನೂ ಆ ಕಡೆ ನೋಡದೆ ಇದ್ದುಬಿಟ್ಟ.

ಆಸಾಪಯ್ಯ ವಾರವೆಲ್ಲ ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಇಳಿಸುತ್ತಿದ್ದ. ಭಾನುವಾರ ಒಗೆದ ಅಂಗಿ ತೊಟ್ಟು, ಪಿಟೀಲು ಹಿಡಿದು ಪ್ರಾರ್ಥನಾ ಮಂದಿರಕ್ಕೆ ಹೋಗುತ್ತಿದ್ದ. ಅದನ್ನು ನುಡಿಸಲು ಕಲಿತದ್ದು ಮೈಸೂರಿನ ಮಿಶನ್ ಆಸ್ಪತ್ರೆಯಲ್ಲಿ ಕಸ ಗುಡಿಸುತ್ತಿದ್ದ ಕಾಲದಲ್ಲಿ. ಸಭೆಯಲ್ಲಿ ಓದು ಬಂದವರು ಕಡಿಮೆ. ಅವನ ಕಮಾನು ತಂತಿಯ ಮೇಲೆ ಹರಿದರೆ ಮಾತ್ರ ಕೀರ್ತನೆ ಎಲ್ಲಿ ಏಳಬೇಕು, ಎಲ್ಲಿ ಇಳಿಯಬೇಕು ಎಂದು ಜನಕ್ಕೆ ತಿಳಿಯುತ್ತಿತ್ತು.

ಎರಡನೇ ಮಹಾಯುದ್ಧ ನಡೆಯುತ್ತಿದ್ದ ಒಂದು ವರ್ಷ ಉಪದೇಶಿ ಸ್ಯಾಮುವೇಲಪ್ಪನವರು ಮನೆಪ್ರಾರ್ಥನೆಗೆಂದು ಗುತ್ತಲಿಗೆ ಬಂದರು. ಒಳಗಿನ ದೀಪ ಅವರ ಕಣ್ಣಿಗೆ ಬಿತ್ತು. "ಒಂದೇ ಮನೆಯಲ್ಲಿ ಎರಡು ಬಲಿಪೀಠ ಇರಬಾರದು, ಆಸಾಫ" ಎಂದರು. ಬಂದವರೆಲ್ಲರ ಎದುರು ಆಸಾಪಯ್ಯನಿಗೆ ಮುಖವೆತ್ತಲಾಗಲಿಲ್ಲ. ಎದ್ದು ಹೋಗಿ ದೀಪ ಆರಿಸಿ, ಹಣತೆಯನ್ನು ಅಟ್ಟದ ಮೇಲಿಟ್ಟು ಬಂದು ಪಿಟೀಲು ಎತ್ತಿಕೊಂಡ. ಒಲೆಯ ಮುಂದಿದ್ದ ರೇವಮ್ಮ ತಿರುಗಿ ನೋಡಲಿಲ್ಲ. ಬೆಳಿಗ್ಗೆ ಅವನು ಕಾರ್ಖಾನೆಗೆ ಹೋದ ಮೇಲೆ ಮಗಳು ಮಂಚಿಯನ್ನು ಕಂಕುಳಿಗೇರಿಸಿಕೊಂಡು ತವರಿನ ದಾರಿ ಹಿಡಿದಳು.

ರೇವಮ್ಮನ ತಮ್ಮ ಸಣ್ಣಯ್ಯ ಬಂದು ನಡುಮನೆಯಲ್ಲಿ ಕೂರದೆ ಹೊಸಿಲಾಚೆಯಿಂದಲೇ ಸುದ್ದಿ ಹೇಳಿದ.

"ಬರೋ ಸ್ವಾಮಾರ ನಮ್ ಕೇರೀಲಿ ನ್ಯಾಯ ಸೇರ್ತದೆ, ಬಾವ. ನೀವು ಬರ್ಬೇಕು ಅಂತ ಅಪ್ಪ ಅಂದವ್ನೆ. ಪಿಟೀಲ್ನೂ ತರ್ಬೇಕಂತೆ."

"ಪಿಟೀಲು ಯಾಕ್ಲಾ?"

"ನಂಗೊತ್ತಿಲ್ಲ" ಎಂದು ಸಣ್ಣಯ್ಯ ಬೇರೆ ಕಡೆ ನೋಡಿದ.

ಸೋಮವಾರ ಆಸಾಪಯ್ಯ ಮದ್ದೂರಿನವರೆಗೆ ರೈಲಿನಲ್ಲಿ ಹೋಗಿ, ಮಳವಳ್ಳಿಯ ಬಸ್ಸು ಹತ್ತಿದ. ಪೆಟ್ರೋಲಿಲ್ಲದ ಕಾಲ, ಇದ್ದಿಲು ಉರಿಸಿ ಓಡಿಸುತ್ತಿದ್ದ ಬಸ್ಸು ದಿಣ್ಣೆ ಸಿಕ್ಕಲ್ಲೆಲ್ಲ ನಿಂತು ಏದುಸಿರು ಬಿಡುತ್ತಿತ್ತು. ಪಿಟೀಲಿನ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಪ್ರಾರ್ಥನೆ ಹೇಳಿಕೊಳ್ಳಲು ನೋಡಿದ. ಮಾತುಗಳು ಕೂಡಿಬರಲಿಲ್ಲ. ಕಾಳಮುದ್ದನದೊಡ್ಡಿಯಲ್ಲಿ ಇಳಿದು ಗದ್ದೆ ಬದುವಿನ ಮೇಲೆ ನಡೆದು ಮಾವನ ಕೇರಿ ಸೇರಿದಾಗ ಗುಡಿಯ ಮುಂದೆ ಜನ ಆಗಲೇ ಕುಳಿತಿದ್ದರು. ಯಾರೂ ಕುಡಿಯಲು ನೀರು ಕೊಡಲಿಲ್ಲ.

ಕೇರಿಯ ಯಜಮಾನ ಕೆಂಪಸಿದ್ದಯ್ಯ ಪಿಟೀಲಿನ ಗಂಟು ಬಿಚ್ಚಿಸಿ ನಡುವೆ ಇಡಿಸಿದ. ಅದರ ಪಕ್ಕದಲ್ಲೇ ಒಂದು ದಪ್ಪ ಕಲ್ಲಿತ್ತು.

"ಅಲ್ಲ ಕಣ್ಲಾ ಮರಿಸಿದ್ದ, ನಿಮ್ಮಪ್ಪ ತಮಟೆ ಇಡುದ್ರೆ ಸುತ್ತ ಅಳ್ಳಿಗೆಲ್ಲ ಕೇಳದು. ನೀನು ಈ ತಂತಿ ಕೆರ್ಕಂಡು ಕುಂತಿದ್ದೀಯ. ನಮ್ದು ಎರಡೇ ಮಾತು. ಇದ ಈ ಕಲ್ಗೆ ಬಡ್ದಾಕಿ ಅಮ್ಮನ ಮುಂದೆ ತಮಟೆ ಇಡ್ಕ. ಇಲ್ದಿದ್ರೆ ತಾಳಿ ಬಿಚ್ಚಿಸ್ತೀವಿ. ಎಣ್ಣ ಇನ್ನೊಬ್ಬನ ಜೊತೆ ಕೂಡಾವಳಿ ಮಾಡ್ತೀವಿ."

ಆಸಾಪಯ್ಯ ಮಾವ ಕರಿಸಿದ್ದಯ್ಯನ ಮುಖ ನೋಡಿದ. ಮುದುಕ ನೆಲ ನೋಡುತ್ತಿದ್ದ.

"ನನ್ ಕೈಲಿ ಆಗದಿಲ್ಲ ಯಜಮಾನ್ರೇ. ದೇವ್ರಿಗೆ ಮಾತು ಕೊಟ್ಟಿವ್ನಿ."

"ಅಂಗಾದ್ರೆ ನಾವೇ ಬಡೀತೀವಿ" ಎಂದು ಕೆಂಪಸಿದ್ದಯ್ಯ ಕಲ್ಲಿಗೆ ಕೈ ಹಾಕಿದ.

ಹೆಂಗಸರ ಗುಂಪಿನಿಂದ ರೇವಮ್ಮ ಎದ್ದು ಬಂದಳು. ನ್ಯಾಯದ ನಡುವೆ ಹೆಣ್ಣು ಕಾಲಿಡುವ ಪದ್ಧತಿ ಇರಲಿಲ್ಲ. ಅವಳು ಬಗ್ಗಿ ಪಿಟೀಲನ್ನು ಎತ್ತಿಕೊಂಡು, ಅಲ್ಲೇ ಕುಕ್ಕರಿಸಿ, ತೊಡೆಯ ಮೇಲೆ ಇಟ್ಟುಕೊಂಡಳು.

"ಈವಯ್ಯ ದ್ಯಾವ್ರ ಬದ್ಲಾಯಿಸ್ದಾಗ ನನ್ನ ಕೇಳ್ನಿಲ್ಲ. ದೀಪ ಆರಿಸ್ದಾಗ್ಲೂ ಕೇಳ್ನಿಲ್ಲ. ಈಗ ತಾಳಿ ಬಿಚ್ಚಿಸ್ತೀವಿ ಅಂತಿದ್ದೀರಿ, ನೀವೂ ಕೇಳ್ನಿಲ್ಲ. ಇದೇನು ನ್ಯಾಯ ದೊಡ್ಡಪ್ಪ?"

ಅವಳು ಗಂಡನ ಕಡೆ ತಿರುಗಿದಳು.

"ನಾನು ಕಿರಸ್ತಾನಳಾಗಕಿಲ್ಲ. ನಿಮ್ಮನ್ನೂ ಬುಡಕಿಲ್ಲ. ನನ್ ಗೂಡಲ್ಲಿ ನನ್ ದೀಪ ಉರೀಬೇಕು. ಆಯ್ತದೆ ಅಂದ್ರೆ ಈಗ್ಲೇ ಬತ್ತೀನಿ. ಇಷ್ಟು ಜನದ ಮುಂದೆ ಯೋಳಿ."

ಹೂಂ ಎಂದರೆ ಸ್ಯಾಮುವೇಲಪ್ಪನವರಿಗೆ ಏನು ಹೇಳುವುದು? ಇಡೀ ಸಭೆ ತನ್ನ ಮುಖ ನೋಡುವ ಭಾನುವಾರ ಆಸಾಪಯ್ಯನ ಕಣ್ಣ ಮುಂದೆ ಬಂತು. ಮಗಳು ಮಂಚಿ ಅಜ್ಜಿಯ ಸೆರಗು ಹಿಡಿದು ತನ್ನನ್ನೇ ನೋಡುತ್ತಿದ್ದಳು.

"ಉರೀಲಿ" ಎಂದ. "ಆರಿಸಿದ್ದು ನನ್ದೇ ತಪ್ಪು ಕಣೆ."

ಕೆಂಪಸಿದ್ದಯ್ಯ ಎದ್ದು ಟವಲು ಕೊಡವಿದ. "ಇನ್ಮೇಲೆ ಈ ಕೇರೀಲಿ ಇಬ್ರಿಗೂ ನೀರಿಲ್ಲ, ಬೆಂಕಿಯಿಲ್ಲ" ಎಂದು ನಡೆದುಬಿಟ್ಟ. ರೇವಮ್ಮ ಮಂಚಿಯೊಡನೆ ಗುತ್ತಲಿಗೆ ಮರಳಿ, ಅಟ್ಟದ ಮೇಲಿನ ಹಣತೆ ಇಳಿಸಿ ದೀಪ ಹಚ್ಚಿದಳು.

ಮುಂದಿನ ಭಾನುವಾರ ಸ್ಯಾಮುವೇಲಪ್ಪನವರು ಆಸಾಪಯ್ಯನನ್ನು ಮಂದಿರದ ಬಾಗಿಲಲ್ಲೇ ತಡೆದರು. "ಒಳಗೆ ಬಾ, ಬೇಡವೆನ್ನುವುದಿಲ್ಲ. ಆದರೆ ಆ ದೀಪ ಇರುವವರೆಗೆ ನೀನು ಮುಂದೆ ನಿಂತು ನುಡಿಸುವ ಹಾಗಿಲ್ಲ."

ಆಸಾಪಯ್ಯ ಹಿಂದಿನ ಚಾಪೆಯಲ್ಲಿ ಕುಳಿತ. ಒಬ್ಬೊಬ್ಬರು ಒಂದೊಂದು ಕಡೆ ರಾಗ ಎಳೆದರು. ಅದನ್ನು ಕೇಳುತ್ತ ಸುಮ್ಮನಿರುವುದು ಕಬ್ಬಿನ ಹೊರೆ ಹೊತ್ತು ನಿಂತಷ್ಟೇ ಕಷ್ಟವಾಗಿತ್ತು. ಮಳೆಗಾಲವೆಲ್ಲ ಹೀಗೇ ಕಳೆಯಿತು. ಮನೆಯಲ್ಲೂ ಅವನು ಪಿಟೀಲು ಮುಟ್ಟಲಿಲ್ಲ. ರೇವಮ್ಮನ ಮೇಲೆ ಮಾತುಮಾತಿಗೂ ಸಿಡುಕುತ್ತಿದ್ದ.

ಒಂದು ದಿನ ರೇವಮ್ಮ ತಾನೇ ಉಪದೇಶಿಗಳ ಮನೆಗೆ ಹೋಗಿ ಜಗುಲಿಯ ಕೆಳಗೆ ನಿಂತಳು.

"ಅವ್ರು ನಿಮ್ ದ್ಯಾವ್ರಿಗೂ ಮಾತು ಕೊಟ್ಟವ್ರೆ, ನಂಗೂ ಕೊಟ್ಟವ್ರೆ. ಯಾವ್ದ ತಪ್ಬೇಕು ನೀವೇ ಯೋಳಿ ಸ್ವಾಮಿ. ನಂಗೆ ಕೊಟ್ಟಿದ್ದ ತಪ್ಪಿದ್ರೆ, ನಾಳೆ ನಿಮ್ ದ್ಯಾವ್ರಿಗೆ ಕೊಟ್ಟಿದ್ದ ತಪ್ಪಕಿಲ್ಲ ಅಂತ ಏನು ಖಾತ್ರಿ?"

ಸ್ಯಾಮುವೇಲಪ್ಪನವರು "ಒಳಗೆ ಬಂದು ಕೂತುಕೊಳ್ಳಮ್ಮ" ಎಂದರು. ಅವಳು ಕೂರದೆ ಹೊರಟುಬಂದಳು. ಶನಿವಾರ ಸಂಜೆ ಅವರು ಗುತ್ತಲಿಗೆ ನಡೆದು ಬಂದು, ದೀಪದ ಮಾತೆತ್ತದೆ, ನಾಳೆ ಯಾವ ಕೀರ್ತನೆ ನುಡಿಸಬೇಕು ಎಂದಷ್ಟೇ ಹೇಳಿ ಹೋದರು.

ಆಸಾಪಯ್ಯ ಮತ್ತೆ ಸಭೆಯ ಮುಂದೆ ನಿಂತು ನುಡಿಸಿದ. ಸಭೆಯಲ್ಲಿ ಕೆಲವರು ಇದನ್ನು ಕೊನೆಗೂ ಒಪ್ಪಲಿಲ್ಲ. ಅವನೊಡನೆ ಮಾತು ಬಿಟ್ಟರು. ರೇವಮ್ಮ ಮಂದಿರದೊಳಕ್ಕೆ ಎಂದೂ ಕಾಲಿಡಲಿಲ್ಲ. ಮಂಚಿಗೆ ದೀಕ್ಷಾಸ್ನಾನ ಆಗಬೇಕೋ ಬೇಡವೋ ಎಂಬ ಜಗಳ, ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷವೂ ಆ ಮನೆಯಲ್ಲಿ ನಡೆದೇ ಇತ್ತು.