ರೋಜಾ ತಿಂಗಳಲ್ಲಿ ತಪ್ಪಿದ ಗುಳಿಗೆ

ಸವಣೂರಿನಲ್ಲಿ ಇನ್ನೂ ಬೆಳಕು ಹರಿಯುತ್ತಿದೆ. ಗಂಡಸರು ನಮಾಜಿಗೆಂದು ಮಸೀದಿಗೆ ಹೋದ ಹೊತ್ತು ನೋಡಿಯೇ ಸರೋಜವ್ವ ತಹಮೀನಾಳ ಬಾಗಿಲು ಬಡಿಯುತ್ತಾರೆ. ಅವರ ಕೆಲಸದ ಬಗ್ಗೆ ಬರೆಯಲು ಬಂದ ನಾನೂ ಜೊತೆಗಿದ್ದೇನೆ. ಆಶಾ ಕಾರ್ಯಕರ್ತೆಯಾದ ದಿನದಿಂದ ಅವರದು ಇದೇ ರೂಢಿ. ಹೆಂಗಸರು ಬಾಯಿ ಬಿಚ್ಚುವುದು ಈ ಹೊತ್ತಿನಲ್ಲೇ. ಗಂಡಸರು ತಿರುಗಿ ಬಂದರೆಂದರೆ ಮಾತು ಚಹಾದ ಕಡೆ ಹೊರಳುತ್ತದೆ.

ತಹಮೀನಾ ಗೋಡೆ ಹಿಡಿದು ಬಂದು ಕೂಡುತ್ತಾಳೆ. ಐದು ತಿಂಗಳ ಬಸುರಿ. ಸರೋಜವ್ವ ಆಕೆಯ ಕೆಳರೆಪ್ಪೆ ಎಳೆದು ನೋಡುತ್ತಾರೆ. ಕೆಂಪೇ ಇಲ್ಲ, ಸುಣ್ಣ ಬಳಿದ ಹಾಗಿದೆ.

“ರಕ್ತದ ಗುಳಿಗಿ ನುಂಗಿದಿ?”

“ನುಂಗೇನಕ್ಕಾ. ಇದನ್ನರ ಮರೀಲಿಲ್ಲ ನೋಡ್ರಿ.”

ನಗಬೇಕೆಂದು ಆಡಿದ ಮಾತು. ಇಬ್ಬರೂ ನಗುವುದಿಲ್ಲ.

ಹಿರೇಕೆರೂರು ಕಡೆಯಿಂದ ಸೊಸೆಯಾಗಿ ಬಂದ ಸರೋಜವ್ವನ ಪಾಲಿಗೆ ಇನ್ನೂರಕ್ಕೂ ಹೆಚ್ಚು ಮನೆಗಳಿವೆ. ದಿನಕ್ಕೆ ಹದಿನೈದಾದರೂ ಬಾಗಿಲು ಬಡಿಯುತ್ತಾರೆ, ಅರ್ಧದಷ್ಟು ತೆರೆಯುವುದಿಲ್ಲ. ತೆರೆದಲ್ಲಿ ಹೇಳುವುದು ಒಂದೇ ಮಾತು: “ನಿರೋಧ ಗಂಡಸಿನ ನೆನಪಿಗೆ ಬಿಟ್ಟದ್ದು, ಅದಕ್ಕ ಭಾಳ ಕೈ ಕೊಡತೈತಿ. ಗುಳಿಗಿ ದಿನಾ ನೆನೀಬೇಕು. ಸೂಜಿ ಮೂರು ತಿಂಗಳಿಗೊಮ್ಮೆ. ವಂಕಿ, ಅಂದ್ರ ಕಾಪರ್-ಟಿ, ಹಾಕಿಸಿದ್ರ ವರ್ಷಗಟ್ಟಲೆ ಮರತುಬಿಡು. ಆಪರೇಷನ್ ಆತಂದ್ರ ಕಡೀತನಕ.” ಒಂದು ದಿನವೂ ತಪ್ಪದೆ ನುಂಗಿದರೆ ಗುಳಿಗೆ ಕೈ ಬಿಡುವುದು ಅಪರೂಪ. ಆದರೆ ಮನೆವಾರ್ತೆಯ ಗದ್ದಲದಲ್ಲಿ ನುಂಗುವ ನೂರು ಮಂದಿಯಲ್ಲಿ ವರ್ಷಕ್ಕೆ ಏಳು ಮಂದಿಗೆ ಬಸಿರು ನಿಲ್ಲುತ್ತದೆ. ವಂಕಿಯಲ್ಲಿ ಒಬ್ಬಳಿಗೆ ನಿಂತರೆ ಹೆಚ್ಚು.

ತಹಮೀನಾಳ ಎರಡೂ ಹೆರಿಗೆ ಹೊಟ್ಟೆ ಕೊಯ್ದು ಆದವು. ಮೂರನೆಯದು ಜೀವಕ್ಕೇ ಕುತ್ತು ಎಂದಿದ್ದರು ವೈದ್ಯರು. ಸರೋಜವ್ವ ಆಕೆಯ ಗಂಡ ಮಜೀದನಿಗೆ ಗಂಡಸರ ಆಪರೇಷನ್ ಹೇಳಿ ನೋಡಿದರು.

“ನಿಮ್ಮ ಯಜಮಾನ್ರಿಗೆ ಮಾಡಿಸೀರೇನ್ರಿ?” ಎಂದು ಆತ ಕಿಸಕ್ಕನೆ ನಕ್ಕ.

“ಮಾಡಿಸೇನಿ. ಇವತ್ತೂ ಗೋವಿನಜೋಳದ ಚೀಲ ಹೊರತಾರ, ಬಂದು ನೋಡಪಾ.”

ಮಜೀದ ಎದ್ದು ಹೋದ. ಹೆಂಡತಿಯ ಆಪರೇಷನ್ನಿಗೂ ಒಪ್ಪಲಿಲ್ಲ. “ವಂಕಿ ಬ್ಯಾಡವಾ, ಮುಟ್ಟು ಹೆಚ್ಚಾಗಿ ರೋಜಾ ಉಪಾಸ ತಪ್ಪತಾವು” ಎಂದರು ಅತ್ತೆ ಅಖ್ತರುನ್ನೀಸಾ. ಕೊನೆಗೆ ಉಳಿದದ್ದು ಗುಳಿಗೆ.

ಬೆಳಗಿನ ಧಾವಂತದಲ್ಲಿ ಮರೆಯುತ್ತಾರೆಂದು ಸರೋಜವ್ವ ಎಲ್ಲರಿಗೂ ಒಂದೇ ಪಾಠ ಕಲಿಸಿದ್ದರು: ಮಧ್ಯಾಹ್ನ ಉಂಡ ತಾಟು ತೊಳೆಯುವ ಮೊದಲು ಗುಳಿಗೆ. ತಹಮೀನಾ ಚಾಚೂ ತಪ್ಪದೆ ಪಾಲಿಸಿದಳು. ರಮಜಾನ್ ಬಂತು. ಮಧ್ಯಾಹ್ನದ ತಾಟೇ ಇಲ್ಲ, ಗುಳಿಗೆಯ ನೆನಪೂ ಇಲ್ಲ. ಹಬ್ಬ ಮುಗಿದ ಮೇಲೆ ಮತ್ತೆ ನುಂಗತೊಡಗಿದ್ದಳು, ಮುಟ್ಟು ನಿಂತಾಗ ಗುಳಿಗೆಯದೇ ಗುಣ ಎಂದುಕೊಂಡಳು. ತಿಳಿಯುವ ಹೊತ್ತಿಗೆ ನಾಲ್ಕು ತಿಂಗಳು ದಾಟಿತ್ತು. ಇಷ್ಟು ರಕ್ತಹೀನಳಿಗೆ ಈಗ ತೆಗೆಸುವುದೂ ಅಪಾಯ, ಹೆರುವುದೂ ಅಪಾಯ ಎಂದಿದ್ದಾರೆ ಜಿಲ್ಲಾ ಆಸ್ಪತ್ರೆಯಲ್ಲಿ.

“ರೋಜಾ ಬಿಡೂ ಹೊತ್ತಿನ್ಯಾಗ ಇದ ಕಟ್ಟೀಮ್ಯಾಲೆ ಕುಂತು ಖಜೂರಿ ತಿಂದು ಹೋಗೇನ್ರಿ ನಾನು. ಆಗರ ಗುಳಿಗಿದು ಒಂದು ಮಾತು ಕೇಳಬೇಕಿತ್ತು,” ಎನ್ನುತ್ತಾರೆ ಸರೋಜವ್ವ ನನ್ನ ಕಡೆ ತಿರುಗಿ. ಈಗ ತಮ್ಮ ಪಾಲಿನ ಒಂದೊಂದು ಮನೆಯಲ್ಲೂ ಉಪವಾಸದ ದಿನ ಯಾವುವೆಂದು ಕೇಳಿಯೇ ಗುಳಿಗೆಯ ಹೊತ್ತು ಗೊತ್ತುಮಾಡುತ್ತಾರೆ. ತಹಮೀನಾಳಿಗೆ ಅದರಿಂದ ಈಗ ಏನೂ ಉಪಯೋಗವಿಲ್ಲ.

ಹೊರಗೆ ಗಂಡಸರ ಮಾತು ಕೇಳಿಸುತ್ತದೆ. ಸರೋಜವ್ವ ಸೆರಗು ಸರಿಮಾಡಿಕೊಂಡು ಓಣಿಗೆ ಇಳಿಯುತ್ತಾರೆ. ನಿಮಗೇನು ಆಸೆ ಎಂದು ನಾನು ಕೇಳಿದರೆ ತಿರುಗಿ ತಹಮೀನಾಳ ಬಾಗಿಲಿನ ಕಡೆ ನೋಡುತ್ತಾರೆ.

“ನನಗೇನೂ ಬ್ಯಾಡ್ರಿ. ಈಕಿ ಹಡದು, ಎದ್ದು ಕುಂತು, ಓಣಿ ಮಂದಿ ಮುಂದ ನನ್ನ ಬಾಯಿಗೆ ಬಂದಂಗ ಬೈಲಿ. ಬೈಯಾಕ ಉಳೀಲಿ, ಅಷ್ಟ ಸಾಕು.”