ರತ್ನಮ್ಮನ ಕೈಗೆ ಸಿಕ್ಕ ನಾಡಿ

ದೆವ್ವ, ಭೂತ, ಶಕುನ ಇಂಥವುಗಳಲ್ಲಿ ನನಗೆ ಎಂದೂ ನಂಬಿಕೆ ಇರಲಿಲ್ಲ. ಇರಲಿಲ್ಲ ಎಂದರೆ ಸಾಲದು, ನಂಬುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಚಾಮರಾಜನಗರ ಇನ್ನೂ ಜಿಲ್ಲೆಯಾಗಿರದ ದಿನಗಳಲ್ಲಿ ನಾನು ಅಲ್ಲಿನ ಒಂದು ನರ್ಸಿಂಗ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಹಾಸ್ಟೆಲಿನ ಹುಡುಗಿಯರು ಆಗಾಗ ಬಚ್ಚಲುಮನೆಯ ಹತ್ತಿರ ಬಿಳಿ ಸೀರೆಯವಳನ್ನು ಕಂಡೆವೆಂದು ಹೆದರಿ ನನ್ನ ಬಳಿ ಓಡಿ ಬರುವರು. ನಾನು ಅವರ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ರಕ್ತ ಕಡಿಮೆಯಿದೆ ಎಂದು ಕಬ್ಬಿಣಾಂಶದ ಮಾತ್ರೆ ಕೊಟ್ಟು ಕಳಿಸುತ್ತಿದ್ದೆ. ಹೊಟ್ಟೆ ತುಂಬ ಉಂಡು, ಮಾತ್ರೆ ನುಂಗಿ, ನಿದ್ದೆ ಮಾಡಿದ ಮೇಲೆ ಬಿಳಿ ಸೀರೆಯವಳು ಯಾರಿಗೂ ಕಾಣುತ್ತಿರಲಿಲ್ಲ. ನನ್ನ ಮಟ್ಟಿಗೆ ದೆವ್ವದ ಮದ್ದು ಅಷ್ಟೇ ಆಗಿತ್ತು.

ಇದನ್ನು ಮೊದಲೇ ಹೇಳುತ್ತಿರುವುದು ಯಾಕೆಂದರೆ, ಈಗ ಹೇಳಹೊರಟಿರುವುದನ್ನು ಓದಿ ನೀವು ನನ್ನ ಕೆಳರೆಪ್ಪೆ ಎಳೆದು ನೋಡಬೇಕೆಂದುಕೊಂಡರೂ ನನಗೆ ಬೇಜಾರಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಅದನ್ನೇ ಮಾಡುತ್ತಿದ್ದೆ.

ನಾನು ಕಲಿಸುತ್ತಿದ್ದುದು ರೋಗಿಯನ್ನು ಪರೀಕ್ಷಿಸುವ ಕ್ರಮ. ಮೊದಲು ನೋಡಬೇಕು, ಆಮೇಲೆ ಮುಟ್ಟಬೇಕು, ಬೆರಳಿಂದ ತಟ್ಟಬೇಕು, ಕೊನೆಗೆ ಕಿವಿಗೊಟ್ಟು ಕೇಳಬೇಕು. ಪುಸ್ತಕದಲ್ಲಿ ಇದು ಒಂದೇ ಪುಟ. ಕೈಗೆ ಬರಲು ವರ್ಷಗಳು ಬೇಕು. ಹುಡುಗಿಯರಿಗೆ ಮುಟ್ಟುವುದೆಂದರೆ ಸಂಕೋಚ. ವಾರ್ಡಿನಲ್ಲಿ ಎಷ್ಟೋ ಮಂದಿ ರೋಗಿಯ ಕೈಯನ್ನೇ ಹಿಡಿಯದೆ ನಾಡಿ ಎಪ್ಪತ್ತೆರಡು ಎಂದು ಬರೆದು ಮುಂದಿನ ಮಂಚಕ್ಕೆ ಹೋಗಿಬಿಡುತ್ತಿದ್ದರು. ಇಡೀ ವಾರ್ಡಿಗೆ ಎಪ್ಪತ್ತೆರಡು! ಈ ಎಪ್ಪತ್ತೆರಡರ ಕಳ್ಳಿಯರನ್ನು ಹಿಡಿಯುವುದರಲ್ಲಿ ನಾನು ಹೆಸರು ಮಾಡಿದ್ದೆ. ಕುದೇರಿನ ಕಡೆಯಿಂದ ಬಂದಿದ್ದ ರತ್ನಮ್ಮ ಎಂಬ ಹುಡುಗಿಯೂ ಒಮ್ಮೆ ಹಾಗೆ ಸಿಕ್ಕಿಬಿದ್ದಿದ್ದಳು. ಅವಳು ಎಪ್ಪತ್ತೆರಡು ಎಂದು ಬರೆದಿದ್ದ ರೋಗಿಗೆ ನೂರಮೂರು ಡಿಗ್ರಿ ಜ್ವರವಿತ್ತು. ಎಲ್ಲರೆದುರು ಚೆನ್ನಾಗಿ ಬೈದೆ. ಅಂದಿನಿಂದ ಅವಳು ಬದಲಾದಳು. ಬೆರಳಿಗೆ ಸಿಕ್ಕಿದ್ದನ್ನು ಮಾತ್ರ ಹೇಳುವಳು, ಸಿಗದಿದ್ದರೆ ಸಿಗಲಿಲ್ಲ ಎಂದೇ ಹೇಳುವಳು. ಇದನ್ನು ನೆನಪಿಟ್ಟುಕೊಳ್ಳಿ.

ಸಂಕೋಚ ಬಿಡಿಸಲು ನಾನೊಂದು ಆಟ ಮಾಡಿಕೊಂಡಿದ್ದೆ. ಹುಡುಗಿಯರನ್ನು ಇಬ್ಬಿಬ್ಬರಂತೆ ಎದುರುಬದುರು ಕೂರಿಸುವುದು. ಒಬ್ಬಳು ಕಣ್ಣಿಗೆ ಕರ್ಚೀಫು ಕಟ್ಟಿಕೊಂಡು, ಎರಡು ಅಂಗೈಗಳನ್ನು ಉಜ್ಜಿ ಬಿಸಿ ಮಾಡಿಕೊಂಡು ಮುಂದೆ ಚಾಚಬೇಕು. ತಣ್ಣನೆ ಕೈಯಲ್ಲಿ ರೋಗಿಯನ್ನು ಮುಟ್ಟಕೂಡದು ಎನ್ನುವುದು ನನ್ನ ಕಟ್ಟುನಿಟ್ಟು. ಎದುರಿನವಳು ಉಸಿರೆತ್ತದೆ ತನ್ನ ಕೈ ಕೊಡಬೇಕು. ಕಣ್ಣು ಕಟ್ಟಿದವಳು ಅದು ಎಡಗೈಯೋ ಬಲಗೈಯೋ, ಚರ್ಮ ಹೇಗಿದೆ, ಗಾಯದ ಗುರುತಿದೆಯೋ, ನಾಡಿ ಹೇಗೆ ಬಡಿಯುತ್ತಿದೆ ಎಂದು ಬರಿಯ ಬೆರಳುಗಳಿಂದ ತಿಳಿದು ಹೇಳಬೇಕು. ಆಟವೆಂದರೆ ಹುಡುಗಿಯರಿಗೆ ಖುಷಿ. ಗೊತ್ತಿಲ್ಲದೆಯೇ ಕೈ ಪಳಗುತ್ತಿತ್ತು.

ಆ ದಿನ ನಾವು ಗುಂಡ್ಲುಪೇಟೆ ದಾಟಿ ಕೇರಳದ ಗಡಿಯ ಹತ್ತಿರದ ಮದ್ದೂರಿನ ಕಡೆ, ಕಾಡಂಚಿನ ಒಂದು ಹಳ್ಳಿಗೆ ಆರೋಗ್ಯ ತಪಾಸಣೆಗೆಂದು ಶಾಲೆಯ ವ್ಯಾನಿನಲ್ಲಿ ಹೋಗಿದ್ದೆವು. ನನಗಾಗಲಿ ಹುಡುಗಿಯರಿಗಾಗಲಿ ಆ ಊರು ಅದೇ ಮೊದಲು. ಊರಿನ ಶಾಲೆಯ ಜಗಲಿಯಲ್ಲಿ ಕೂತು ಬಂದವರ ತೂಕ, ರಕ್ತದೊತ್ತಡ ನೋಡಿ ಮುಗಿಸುವಾಗ ಮಧ್ಯಾಹ್ನ ಕಳೆದಿತ್ತು. ಡ್ರೈವರ್ ಊಟಕ್ಕೆ ಹೋಗಿದ್ದ. ಸುಮ್ಮನೆ ಕೂತು ಹರಟೆ ಹೊಡೆಯುವ ಬದಲು ಕೈಯಾಟ ಆಡಿ ಎಂದೆ. ಒಬ್ಬ ಹುಡುಗಿ ಜ್ವರ ಬಂದು ಹಾಸ್ಟೆಲಿನಲ್ಲೇ ಉಳಿದಿದ್ದಳು. ಹಾಗಾಗಿ ಜೋಡಿಗಳಲ್ಲಿ ರತ್ನಮ್ಮನಿಗೆ ಜೊತೆ ಇರಲಿಲ್ಲ. ನಾನೇ ಕೂರುತ್ತೇನೆ, ಕಣ್ಣು ಕಟ್ಟಿಕೋ ಎಂದೆ. ಅವಳು ಜಗಲಿಯ ತುದಿಯಲ್ಲಿ ಕೂತು ಕರ್ಚೀಫು ಬಿಗಿದುಕೊಂಡು ಅಂಗೈ ಉಜ್ಜತೊಡಗಿದಳು. ಅಷ್ಟರಲ್ಲಿ ಡ್ರೈವರ್ ಬಂದು ಮೆಟ್ಟಿಲ ಕೆಳಗೆ ನಿಂತ.

"ಮೇಡಂ, ಒತ್ತಾಯ್ತು, ಒಂಟೋಗನ. ಸಂಜೆ ಆದ್ರೆ ರೋಡಿಗೆ ಆನೆ ಬತ್ತವೆ," ಎಂದ. ಇನ್ನೊಂದು ಸ್ವಲ್ಪ ಹೊತ್ತು ಇರಪ್ಪ ಎಂದು ನಾನು ಮೆಟ್ಟಿಲಿಗೆ ಹೋಗಿ ಅವನಿಗೆ ಸಮಾಧಾನ ಹೇಳುತ್ತಿದ್ದೆ. ಆಗ ಹಿಂದಿನಿಂದ ರತ್ನಮ್ಮನ ದನಿ ಕೇಳಿಸಿತು. ಅವಳು ನನಗೇ ವರದಿ ಒಪ್ಪಿಸುವಂತೆ ಗಟ್ಟಿಯಾಗಿ ಹೇಳುತ್ತಿದ್ದಳು.

"ಎಡಗೈ. ವಯಸ್ಸಾದೋರ ಕೈ. ಅಂಗೈ ಒರಟು. ಉಂಗುರದ ಬೆರಳು ಒಳಕ್ಕೆ ಸೊಟ್ಟಗದೆ. ಮಣಿಕಟ್ಟಿನ ಮೇಲೆ ಸುಟ್ಟ ಗಾಯದ ಗುರುತು, ಉಬ್ಬಾಗದೆ. ಲೋಹದ ಬಳೆ ಅದೆ, ಬಿಗಿಯಾಗದೆ. ಮೇಡಂ, ನಾಡಿ ಸರಿ ಇಲ್ಲ. ಮೂರ್ನಾಕು ಏಟು ಬಡೀತದೆ, ಆಮೇಲೆ ನಿಂತೋಯ್ತದೆ. ಬತ್ತಾನೇ ಇಲ್ಲ. ಮೇಡಂ!"

ತಿರುಗಿ ನೋಡಿದೆ. ಅವಳ ಎದುರಿಗೆ ಯಾರೂ ಇರಲಿಲ್ಲ. ಅವಳ ಎಡಗೈ ಏನನ್ನೋ ಕೆಳಗಿನಿಂದ ಆನಿಸಿ ಹಿಡಿದಂತೆ ಅಂಗಾತ ಇತ್ತು. ಬಲಗೈಯ ಮೂರು ಬೆರಳುಗಳು ಅದರ ಮೇಲೆ ಒಂದಿಷ್ಟು ಎತ್ತರದಲ್ಲಿ, ಗಾಳಿಯಲ್ಲಿ ಒತ್ತಿ ನಿಂತಿದ್ದವು.

ನಾನು ಹೋಗಿ ಕರ್ಚೀಫು ಕಿತ್ತೆ. ಅವಳು ಕಣ್ಣು ಕಿರಿದು ಮಾಡಿ ನನ್ನನ್ನೂ ಖಾಲಿ ಜಾಗವನ್ನೂ ನೋಡಿದಳು. "ಯಾರ್ ಮೇಡಂ ಅವ್ರು? ಎಲ್ಲೋದ್ರು?" ಎಂದಳು.

ನನಗೆ ಬಂದಿದ್ದು ಸಿಟ್ಟು. ತಮಾಷೆ ಮಾಡುತ್ತಿದ್ದೀಯಾ ಎಂದೆ. ಅವಳ ಮುಖ ನೋಡಿದರೆ ತಮಾಷೆಯಾಗಿರಲಿಲ್ಲ. ಉಳಿದ ಹುಡುಗಿಯರೆಲ್ಲ ಅವರವರ ಜೋಡಿಯೊಂದಿಗೆ ಕೂತಿದ್ದರು, ಯಾರೂ ಎದ್ದಿರಲಿಲ್ಲ. ಅಂಗಳದ ಹೊಂಗೆ ಮರದಡಿ ಊರಿನ ಐದಾರು ಹೆಂಗಸರು ನಮ್ಮ ಆಟ ನೋಡುತ್ತ ನಿಂತಿದ್ದರು. ಜಗಲಿಗೆ ಯಾರಾದರೂ ಹತ್ತಿ ಬಂದರೇ ಎಂದು ಕೇಳಿದೆ. ಇಲ್ಲವೆಂದರು. ಮೆಟ್ಟಿಲ ಮೇಲೆ ನಾನೇ ನಿಂತಿದ್ದೆನಲ್ಲ, ನನ್ನನ್ನು ದಾಟದೆ ಯಾರೂ ಬರುವಂತಿರಲಿಲ್ಲ.

ಹೆಬ್ಬೆರಳಿಂದ ಒತ್ತಿದರೆ ನಮ್ಮದೇ ನಾಡಿ ನಮಗೆ ಸಿಗುತ್ತದೆ, ಅದನ್ನೇ ರೋಗಿಯದೆಂದು ಎಣಿಸುತ್ತೇವೆ. ಹೊಸಬರು ಮಾಡುವ ತಪ್ಪು ಇದು. ಹಾಗೇ ಆಗಿರಬೇಕೆಂದುಕೊಂಡೆ. ಆದರೆ ಅವಳು ಹಿಡಿದಿದ್ದು ಮೂರು ಬೆರಳಿನಲ್ಲಿ, ನಾನೇ ನೋಡಿದ್ದೆ. ಇವಳದೇ ಎದೆಬಡಿತದಲ್ಲಿ ತೊಂದರೆ ಇರಬಹುದೇ ಎಂದು ಅವಳ ಕೈ ಹಿಡಿದೆ. ಹೆದರಿಕೆಗೆ ಜೋರಾಗಿ ಬಡಿಯುತ್ತಿತ್ತು, ಆದರೆ ಒಂದೇ ಸಮನಾಗಿತ್ತು. ನಾನು ಹಾಗೇ ಅವಳ ಕೈ ಹಿಡಿದುಕೊಂಡು ನಿಂತಿರುವಾಗ ಹೊಂಗೆ ಮರದಡಿಯ ಹೆಂಗಸರಲ್ಲೊಬ್ಬಳು ಮೆಲ್ಲಗೆ ಮುಂದೆ ಬಂದಳು.

"ಸೊಟ್ಟ ಬೆಳ್ಳು, ಸುಟ್ಟ ಕಲೆ ಅಂದ್ರೆ ನಮ್ ಚಿಕ್ಕತಾಯಮ್ಮನ ಕೈ ಕಣವ್ವ. ಅವಳು ಎಲ್ಲಿ ಬಂದವ್ಳು ಇಲ್ಲಿಗೆ? ಬೆಳಗ್ಗಿಂದ ಮೇಲೇ ಎದ್ದಿಲ್ವಂತಲ್ಲ," ಎಂದಳು.

ನಿಜ ಹೇಳುತ್ತೇನೆ, ನನಗೆ ಹೋಗಲು ಮನಸ್ಸಿರಲಿಲ್ಲ. ಹೋದರೆ ಈ ಹುಚ್ಚಾಟಕ್ಕೆ ಗುರುವಾದ ನಾನೇ ಕುಮ್ಮಕ್ಕು ಕೊಟ್ಟಂತೆ. ಡ್ರೈವರ್ ಬೇರೆ ಗಳಿಗೆಗೊಮ್ಮೆ ಆಕಾಶ ನೋಡುತ್ತಿದ್ದ. ಕತ್ತಲಾದ ಮೇಲೆ ಅಷ್ಟು ಹುಡುಗಿಯರನ್ನು ಕಾಡುದಾರಿಯಲ್ಲಿ ಕರೆದೊಯ್ಯುವ ಜವಾಬ್ದಾರಿ ನನ್ನದು. ಆದರೆ ಬೆರಳಿಗೆ ಸಿಕ್ಕಿದ್ದನ್ನು ನೋಡದೆ ಬಿಡಕೂಡದು ಎಂದು ವರ್ಷವೆಲ್ಲ ಅರಚಿಕೊಂಡವಳೂ ನಾನೇ. ರತ್ನಮ್ಮ ನನ್ನನ್ನೇ ನೋಡುತ್ತಿದ್ದಳು. ನಾಡಿ ನಿಂತುಹೋಗುವ ಮನುಷ್ಯರೊಬ್ಬರು ಎಲ್ಲೋ ಇದ್ದಾರೆ ಎನ್ನುವುದಷ್ಟೇ ಅವಳ ತಲೆಯಲ್ಲಿದ್ದದ್ದು. ಬಾ, ನೋಡಿಯೇ ಬರೋಣ ಎಂದು ಅವಳನ್ನು ಕರೆದುಕೊಂಡು ಹೊರಟೆ.

ಚಿಕ್ಕತಾಯಮ್ಮನ ಮನೆ ಊರಿನ ಆಚೆ ತುದಿಯಲ್ಲಿತ್ತು. ಸೊಸೆ ಬಾಗಿಲಲ್ಲೇ ಈರುಳ್ಳಿ ಹಸನು ಮಾಡುತ್ತ ಕೂತಿದ್ದಳು. ಅತ್ತೆಗೆ ಒಂದೆರಡು ದಿನದಿಂದ ಸುಸ್ತು, ಆಗಾಗ ತಲೆ ತಿರುಗುತ್ತದೆ, ವಯಸ್ಸಾಯಿತಲ್ಲ ಎಂದಳು. ಒಳಗೆ ಚಾಪೆಯ ಮೇಲೆ ಮುದುಕಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ನಾನು ಎಡಗೈ ಎತ್ತಿಕೊಂಡೆ. ಉಂಗುರದ ಬೆರಳು ಒಳಕ್ಕೆ ಸೊಟ್ಟಗಿತ್ತು. ಮಣಿಕಟ್ಟಿನ ಮೇಲೆ ಉಬ್ಬಿದ ಸುಟ್ಟ ಕಲೆ. ಅದರ ಹಿಂದೆ ಬಿಗಿಯಾದ ಹಿತ್ತಾಳೆ ಬಳೆ. ನಾಡಿಯ ಮೇಲೆ ಬೆರಳಿಟ್ಟೆ. ಕೆಲವು ಬಡಿತ, ಆಮೇಲೆ ಏನೂ ಇಲ್ಲ. ನಾನು ಬೆರಳೆತ್ತದೆ ಕಾದೆ. ಇನ್ನೇನು ಎದೆಯ ಮೇಲೆ ಕಿವಿಯಿಡಬೇಕು ಎನ್ನುವಾಗ ಮತ್ತೆ ಶುರುವಾಯಿತು.

ನನ್ನ ಬೆರಳುಗಳ ಮೇಲೆ ನನಗೇ ಅನುಮಾನ ಬಂದು ರತ್ನಮ್ಮನಿಗೆ ನೀನೂ ನೋಡು ಎಂದೆ. ಅವಳು ಅಭ್ಯಾಸದಂತೆ ಅಂಗೈ ಉಜ್ಜಿಕೊಂಡು ಮುದುಕಿಯ ಕೈ ಹಿಡಿದಳು. ಚಿಕ್ಕತಾಯಮ್ಮ ಕಣ್ಣು ಬಿಟ್ಟು ಅವಳನ್ನು ನೋಡಿ, ಗುರುತಿನವರನ್ನು ಕಂಡಂತೆ ಸ್ವಲ್ಪ ನಕ್ಕಳು.

"ಆಗ್ಲೇ ಬಂದು ಇಡ್ದು ನೋಡ್ದಲ್ಲ ಕಣಮ್ಮಿ, ತಿರ್ಗ ಯಾಕೆ? ಆಗ್ಲೂ ಇಂಗೇ ಕೈ ಉಜ್ಕಂಡು ಬೆಚ್ಚಗೆ ಇಡ್ಕಂಡೆ."

ಸೊಸೆ ನನ್ನ ಮುಖ ನೋಡಿದಳು. "ಯಾರೂ ಬಂದಿಲ್ಲ ಮೇಡಂ, ನಾನು ಬಾಗ್ಲಲ್ಲೇ ಕುಂತಿವ್ನಿ. ಏನೋ ಕನವರುಸ್ತಾವ್ರೆ," ಎಂದಳು. ರತ್ನಮ್ಮ ಮುದುಕಿಯ ಕೈ ಬಿಡಲಿಲ್ಲ.

ಆಮೇಲೆ ಯೋಚನೆಗೆ ಹೊತ್ತಿರಲಿಲ್ಲ. ಮುದುಕಿಯನ್ನು ವ್ಯಾನಿನ ಉದ್ದ ಸೀಟಿನಲ್ಲಿ ಮಲಗಿಸಿ, ಹುಡುಗಿಯರನ್ನು ಕೆಳಗೆ ಒತ್ತೊತ್ತಾಗಿ ಕೂರಿಸಿ ಹೊರಟೆವು. ಗೊಣಗುತ್ತಿದ್ದ ಡ್ರೈವರ್ ಈಗ ಮರುಮಾತಿಲ್ಲದೆ ಓಡಿಸಿದ. ಆನೆಗಳ ನೆನಪು ಯಾರಿಗೂ ಬರಲಿಲ್ಲ. ದಾರಿಯಲ್ಲಿ ಎರಡು ಸಲ ಚಿಕ್ಕತಾಯಮ್ಮನಿಗೆ ಪ್ರಜ್ಞೆ ತಪ್ಪಿತು. ಎರಡು ಸಲವೂ ರತ್ನಮ್ಮ ಮಣಿಕಟ್ಟು ಹಿಡಿದೇ "ಬಂತು ಮೇಡಂ, ಬಂತು" ಎಂದಾಗ ನಮ್ಮೆಲ್ಲರಿಗೂ ಜೀವ ಬಂದಂತಾಯಿತು. ಗುಂಡ್ಲುಪೇಟೆಯ ಆಸ್ಪತ್ರೆಯ ಡಾಕ್ಟರು ಪರೀಕ್ಷೆ ಮಾಡಿ, ಗುಂಡಿಗೆಗೆ ಬಡಿಯುವ ಸೂಚನೆಯೇ ಸರಿಯಾಗಿ ತಲುಪುತ್ತಿಲ್ಲ, ಮೈಸೂರಿಗೆ ಕಳಿಸಬೇಕು ಎಂದರು. ಈ ರಾತ್ರಿ ಮನೆಯಲ್ಲೇ ಮಲಗಿದ್ದರೆ ಬೆಳಿಗ್ಗೆ ಏಳುತ್ತಿರಲಿಲ್ಲ, ಯಾರು ಪತ್ತೆಹಚ್ಚಿದಿರಿ ಎಂದು ಕೇಳಿದರು. ನಾನು ರತ್ನಮ್ಮನನ್ನು ತೋರಿಸಿದೆ. ಹೇಗೆ ಎನ್ನುವುದನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮೈಸೂರಿನಲ್ಲಿ ಎದೆಗೆ ಗುಂಡಿಗೆ ಬಡಿಸುವ ಪುಟ್ಟ ಯಂತ್ರ ಕೂರಿಸಿದರು. ಚಿಕ್ಕತಾಯಮ್ಮ ಆಮೇಲೂ ಹಲವು ವರ್ಷ ಈರುಳ್ಳಿ ಕಿತ್ತಳು.

ನಾನು ಸುಮ್ಮನೆ ಬಿಡುವವಳಲ್ಲ. ಬಹಳ ದಿನ ಇದರ ಹಿಂದೆ ಬಿದ್ದೆ. ಬೆಳಿಗ್ಗೆ ಹೆಂಗಸರು ಚಿಕ್ಕತಾಯಮ್ಮನ ಬಗ್ಗೆ ಆಡಿದ ಮಾತು ರತ್ನಮ್ಮನ ಕಿವಿಗೆ ಬಿದ್ದಿರಬಹುದೆಂದುಕೊಂಡೆ. ಸೊಟ್ಟ ಬೆರಳು, ಸುಟ್ಟ ಕಲೆ ಮಾತಿನಲ್ಲಿ ಬಂದಿರಬಹುದು. ಆದರೆ ನಿಂತು ನಿಂತು ಬಡಿಯುವ ನಾಡಿ ಆ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಯಾರೂ ಮುದುಕಿಯ ಕೈ ಹಿಡಿದು ನೋಡಿರಲಿಲ್ಲ. ರತ್ನಮ್ಮನೇ ನಡುವೆ ಎದ್ದು ಆ ಮನೆಗೆ ಹೋಗಿಬಂದಿರಬಹುದೆಂದರೆ, ಬೆಳಿಗ್ಗೆಯಿಂದ ಅವಳು ನನ್ನ ಪಕ್ಕದಲ್ಲೇ ತೂಕದ ಯಂತ್ರ ನೋಡಿಕೊಳ್ಳುತ್ತಿದ್ದಳು. ತಲೆಗೆ ರಕ್ತ ಸಾಲದೆ ಮುದುಕಿ ಕನಸು ಕಂಡಳೆಂದೇ ಇಟ್ಟುಕೊಳ್ಳೋಣ. ಅಂಗೈ ಉಜ್ಜುವುದು ಅವಳ ಕನಸಿಗೆ ಎಲ್ಲಿಂದ ಬಂತು? ಅದು ನನ್ನ ಕ್ಲಾಸಿನ ಹುಡುಗಿಯರ ಅಭ್ಯಾಸ.

ಕೆಲವು ವರ್ಷಗಳ ಮೇಲೆ ಗುಂಡ್ಲುಪೇಟೆಯ ಬಸ್ ನಿಲ್ದಾಣದಲ್ಲಿ ರತ್ನಮ್ಮ ಸಿಕ್ಕಳು. ಹತ್ತಿರದಲ್ಲೇ ನರ್ಸಾಗಿದ್ದಳು. ಟೀ ಕುಡಿಯುತ್ತ ಅದೂ ಇದೂ ಮಾತಾಡಿದೆವು. ಕೇಳಬಾರದೆಂದುಕೊಂಡಿದ್ದರೂ ಕೇಳಿಯೇಬಿಟ್ಟೆ. ಅವತ್ತು ಕಣ್ಣು ಕಟ್ಟಿಕೊಂಡು ಕೂತವಳು ಹೇಗಮ್ಮ ಚಿಕ್ಕತಾಯಮ್ಮನ ಹತ್ತಿರ ಹೋದೆ ಎಂದೆ.

ಅವಳು ಲೋಟ ಕೆಳಗಿಟ್ಟಳು.

"ನಾನು ಎಲ್ಲಿಗೂ ಓಗಿಲ್ಲ ಮೇಡಂ. ನಾನಿನ್ನೂ ಕೈ ಉಜ್ಜುತಾ ಇದ್ದೆ, ಚಾಚೂ ಇರ್ಲಿಲ್ಲ. ಆ ಕೈಯೇ ಬಂದು ನನ್ ಕೈ ಇಡ್ಕತು. ಐಸ್ ತರ ತಣ್ಣಗಿತ್ತು. ಪಾಪ ಅನ್ನಿಸ್ತು, ಅದ್ಕೇ ಬೆಚ್ಚಗೆ ಇಟ್ಕಂಡೆ."

ಚಿಕ್ಕತಾಯಮ್ಮ ಹುಡುಗಿಯೇ ಬಂದಳೆಂದಿದ್ದಳು. ಹುಡುಗಿ ಆ ಕೈಯೇ ಬಂತೆಂದಳು. ಇಬ್ಬರಿಗೂ ನನ್ನ ಹತ್ತಿರ ಸುಳ್ಳು ಹೇಳಬೇಕಾದ ಕಾರಣವಿರಲಿಲ್ಲ. ರತ್ನಮ್ಮನ ಬಸ್ಸು ಬಂತು, ಹೋದಳು. ಹೋಗುವ ಮುಂಚೆ ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಒಂದು ಗಳಿಗೆ ಹಿಡಿದುಕೊಂಡಳು. ಅವಳ ಅಂಗೈ ಬೆಚ್ಚಗಿತ್ತು. ನನ್ನದೇ ತಣ್ಣಗಿತ್ತು.