ಚೋಟುವಿನ ಕಿವಿಗೆ ಯಾರ ಮದ್ದು?

ನಮ್ಮ ಚೋಟುವಿನ ಎಡಗಿವಿಯಲ್ಲಿ ಊರಿನ ಅರ್ಧ ಅಡುಗೆಮನೆ ಇದೆ.

ಬೆಳ್ಳುಳ್ಳಿ ಕಾಯಿಸಿದ ಎಣ್ಣೆ, ಬೇವಿನೆಣ್ಣೆ, ತುಂಬೆ ಸೊಪ್ಪಿನ ರಸ, ಒಂದು ಸಲ ಅರಿಶಿನದ ನೀರು. ಒಲೆಗೆ ಕೆಂಡ ಕೇಳಲು ಬಂದವರೂ ಒಂದು ತೊಟ್ಟು ಬಿಟ್ಟೇ ಹೋಗಿದ್ದಾರೆ. ನಮ್ಮೂರು ಗೋವಿನಕೋವಿಯ ಜನ ಉದಾರಿಗಳು.

ಚೋಟು ನಮ್ಮ ನಾಯಿ. ಮೊರದಲ್ಲಿ ಮಲಗಿಸಿದರೂ ಜಾಗ ಉಳಿಯುತ್ತದೆ, ಅಷ್ಟು ಪುಟ್ಟದು. ಶನಿವಾರ ಮೊಮ್ಮಕ್ಕಳು ನಿಮಗೆಲ್ಲ ಎಣ್ಣೆ ಹಚ್ಚಿ ನೀರು ಹಾಕುವಾಗ ಕಿವಿಗೆ ಎಣ್ಣೆ ಬಿಡುತ್ತೇನಲ್ಲ, ಅದಕ್ಕೂ ಹಾಗೆಯೇ ಬಿಡುತ್ತಿದ್ದೆ. ಮನೆಯ ಮಗುವಿಗೆ ಒಂದು, ನಾಯಿಗೆ ಒಂದು ಮಾಡಲಾದೀತೇ? ಆದರೆ ಆ ಕಿವಿ ಸೋರುವುದು ನಿಲ್ಲಲಿಲ್ಲ. ಒಣಗಿತು ಎನ್ನುವಷ್ಟರಲ್ಲಿ ಮತ್ತೆ ವಾಸನೆ, ಮತ್ತೆ ಕೆರೆತ. ಈಚೆಗೆ ತಲೆ ವಾಲಿಸಿಕೊಂಡೇ ನಡೆಯುತ್ತಿತ್ತು.

ಕಿವಿಯ ಹಿಂದೆ ಬರೆ ಹಾಕೋಣ ಎಂದ ನನ್ನ ಮೈದುನ, ನಿಮ್ಮ ಸಣ್ಣ ತಾತ. ಎತ್ತಿಗೆ ಆಗಿಬರುವ ಮದ್ದು ನಾಯಿಗೆ ಆಗದೇ ಎಂಬುದು ಅವನ ವಾದ. ನಿಮ್ಮ ಅಪ್ಪ ಒಪ್ಪಲಿಲ್ಲ. ಹೊನ್ನಾಳಿಯ ದನದ ಡಾಕ್ಟರಿಗೆ ತೋರಿಸೋಣ ಎಂದ. ಹೋದ ವಾರ ಗಾಡಿ ಕಟ್ಟಿದರು. ನಾಯಿ ಬೇರೆಯವರ ತೊಡೆಯ ಮೇಲೆ ಕೂರುವುದಿಲ್ಲವೆಂದು ನನ್ನನ್ನೂ ಹತ್ತಿಸಿಕೊಂಡರು. (ಗಂಡನಿಲ್ಲದವಳು ಬೆಳಿಗ್ಗೆ ಎದುರು ಬಂದರೆ ಅಪಶಕುನವೆನ್ನುವ ಜನ, ಅಂದು ನನ್ನನ್ನೇ ಮುಂದೆ ಕೂರಿಸಿದರು.)

ಡಾಕ್ಟರು ಕಿವಿಯನ್ನು ಮಡಚಿ ನೋಡಿ, ಇನ್ನು ಎಣ್ಣೆ ಮುಟ್ಟಿಸಬೇಡಿ, ಒಳಗಿನ ಪಸೆಯೆಲ್ಲ ಅದರಿಂದಲೇ ಉಳಿಯುತ್ತಿದೆ ಎಂದರು. ಆಮೇಲೆ ಎರಡು ದಾರಿ ಹೇಳಿದರು. ಆಪರೇಷನ್ ಮಾಡಿ ಕಿವಿಯ ಪಕ್ಕ ಸೀಳಿದರೆ ಒಳಗೆ ಗಾಳಿಯಾಡಿ ಕಾಯಿಲೆ ಪೂರ್ತಿ ಹೋಗಬಹುದು. ಆದರೆ ಪರದೇಶದಲ್ಲಿ ನಡೆಯುತ್ತಿರುವ ಯುದ್ಧದ ದೆಸೆಯಿಂದ ಮೂರ್ಛೆ ಔಷಧಿ ಸಿಗುವುದೇ ಕಷ್ಟ. ಸಿಕ್ಕರೂ ಇಷ್ಟು ಚಿಕ್ಕ ನಾಯಿ ಎಚ್ಚರವಾಗದೆಯೂ ಇರಬಹುದು. ಬೇಡವೆಂದರೆ ದಿನಾ ಬೆಳಿಗ್ಗೆ ಸಂಜೆ ಹತ್ತಿಯಿಂದ ಒರೆಸಿ ಬೋರಿಕ್ ಪುಡಿ ಉದುರಿಸಬೇಕು. ನಾಯಿ ಬದುಕಿರುವವರೆಗೂ.

"ಕೊಯ್ದು ಬಿಡ್ರಿ ಸಾರ್," ಎಂದ ಮೈದುನ. "ಒಂದೇ ಸಲಕ್ಕೆ ಮುಗೀಲಿ. ಅದು ನರಳಾದು ಕೇಳಾಕೆ ಆಗವಲ್ದು."

ನಿಮ್ಮ ಅಪ್ಪನೂ ತಲೆಯಾಡಿಸಿದ.

ಆಪರೇಷನ್ ಆದಮೇಲೆ ನಾಯಿಯ ಕಾಲು ಕಟ್ಟಿ, ಗಾಯ ಕೆರೆಯದಂತೆ ಹಗಲೂ ರಾತ್ರಿ ಕಾಯುವವರು ಯಾರು ಎಂದು ಡಾಕ್ಟರು ಕೇಳಿದರು. ಇಬ್ಬರೂ ನನ್ನ ಕಡೆ ನೋಡಿದರು. ಸರಿ, ಒರೆಸುವುದಾದರೆ ಒರೆಸುವವರು ಯಾರು? ಮತ್ತೆ ನನ್ನ ಕಡೆಯೇ.

"ಹಾಗಾದ್ರೆ ಅಮ್ಮ ಹೇಳಲಿ," ಎಂದರು ಡಾಕ್ಟರು.

ಪರ ಗಂಡಸರ ಎದುರು ನಾನು ಬಾಯಿ ತೆರೆದು ಎಷ್ಟು ಕಾಲವಾಗಿತ್ತೋ. ಸೆರಗಿನೊಳಗೆ ಚೋಟು ನಡುಗುತ್ತಿತ್ತು. ಅದಕ್ಕೆ ಮಾತು ಬಂದಿದ್ದರೆ ಏನು ಹೇಳುತ್ತಿತ್ತು? ಸಾಕು ಎನ್ನುತ್ತಿತ್ತೋ, ಇನ್ನಷ್ಟು ದಿನ ಇರುತ್ತೇನೆ ಎನ್ನುತ್ತಿತ್ತೋ?

"ಕೊಯ್ಯಾದು ಬ್ಯಾಡ್ರಿ," ಎಂದೆ. "ನಾನು ಒರೆಸ್ತೀನಿ."

ವಾಪಸು ಬರುವಾಗ ಮೈದುನ ಎತ್ತುಗಳ ಕಡೆಗೇ ಮುಖ ಮಾಡಿ, "ಅತ್ತಿಗೆ ನಾಯಿ ಬಾಣಂತನ ಮಾಡಾಕೆ ಹೊಂಟಾರೆ" ಎಂದ. ನಗಿಸಲು ಹೇಳಿದ್ದಲ್ಲ. ಕೆಟ್ಟವನೂ ಅಲ್ಲ ಅವನು. ನಾಯಿ ಕಿರುಚಿದಾಗ ಅನ್ನದ ತಟ್ಟೆ ಬಿಟ್ಟು ಎದ್ದು ಹೋಗುವವನು. ನೋವು ನೋಡಲಾಗದವರಿಗೆ ಅದು ಬೇಗ ಮುಗಿದುಬಿಡಬೇಕು. ಅದೂ ಒಂದು ಬಗೆಯ ಪ್ರೀತಿಯೇ, ಇಲ್ಲವೆನ್ನಲೇ?

ನಾನು ಹೇಳಿದ್ದು ಸರಿಯೋ ತಪ್ಪೋ, ಇನ್ನೂ ಗೊತ್ತಾಗಿಲ್ಲ. ವಾಸನೆ ಒಂದಿಷ್ಟು ಕಡಿಮೆಯಾಗಿದೆ, ಕೆರೆತ ನಿಂತಿಲ್ಲ. ಹತ್ತಿ ಕಂಡರೆ ಚೋಟು ಗಾಡಿಯ ಕೆಳಗೆ ಅವಿತುಕೊಳ್ಳುತ್ತದೆ. ಉಪಕಾರವೆಂದು ಅದಕ್ಕೇನು ಗೊತ್ತು? ಎಳೆದು ತಂದು ಒರೆಸುತ್ತೇನೆ. ಮರುದಿನ ಮತ್ತೆ ಅದೇ ಓಟ.

ಆದರೆ ಡಾಕ್ಟರು ಕೇಳಿದ ರೀತಿ ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ. ನಿಮ್ಮ ತಾತ ಹಾಸಿಗೆ ಹಿಡಿದಾಗ ಯಾವ ಮದ್ದು, ಎಲ್ಲಿಯ ಡಾಕ್ಟರು ಎಂದು ಜಗಲಿಯ ಮೇಲೆ ಹತ್ತು ಜನ ಕೂತು ತೀರ್ಮಾನಿಸಿದರು. ಎಲ್ಲರೂ ಅವರನ್ನು ಪ್ರೀತಿಸಿದವರೇ.

ಒಳಗೆ ಅವರಿಗೆ ಗಂಜಿ ಕುಡಿಸುತ್ತಿದ್ದವಳನ್ನು ಒಬ್ಬರಾದರೂ ಕೂಗಿ ಕೇಳಬಹುದಿತ್ತಲ್ಲವೇ?